ಅಗಲ ಪರದೆಗೆ ಕಂಪ್ಯೂಟರ್ ಜೋಡಿಸಿದಾಗ: ಚಿತ್ರದ ಅಂಚಿಗೆ ಯಾರು ಹೊಣೆ?

ಲ್ಯಾಪ್‌ಟಾಪಿನಿಂದ ಟಿವಿಗೆ ಒಂದು ಕೇಬಲ್ ಎಳೆಯುವುದು ಈಗ ಯಾರಿಗೂ ಹೊಸದಲ್ಲ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಇಂಟರ್‌ನೆಟ್ಟಿಗೆ ಬಂದಾಗ, ಮಕ್ಕಳು ಸಣ್ಣ ಪರದೆಯನ್ನೇ ದಿನವಿಡೀ ನೋಡುವುದು ಬೇಡವೆಂದು ಎಷ್ಟೋ ಮನೆಗಳಲ್ಲಿ ಈ ಕೇಬಲ್ ಹೊರಬಂತು. ಸಿಕ್ಕಿಸಿದ ಕೂಡಲೇ ಚಿತ್ರವೇನೋ ಮೂಡುತ್ತದೆ. ಆದರೆ ಒಂದು ಮನೆಯಲ್ಲಿ ಪರದೆಯ ತಳದ ಟಾಸ್ಕ್‌ಬಾರ್ ಅರ್ಧ ಮಾಯವಾಗಿರುತ್ತದೆ. ಇನ್ನೊಂದರಲ್ಲಿ ನಾಲ್ಕೂ ಕಡೆ ಕಪ್ಪು ಪಟ್ಟಿ. ಮತ್ತೊಂದರಲ್ಲಿ ಮೇಷ್ಟರ ಮುಖ ಅಡ್ಡಡ್ಡಲಾಗಿ ಹಿಗ್ಗಿರುತ್ತದೆ. ಇದೆಲ್ಲ ಸರಿಯಿದ್ದ ಕಡೆಯೂ ಅಕ್ಷರಗಳು ಒದ್ದೆ ಕಾಗದದ ಮೇಲೆ ಬರೆದ ಹಾಗೆ ಕದಡಿರುತ್ತವೆ. ಅದೇ ಟಿವಿಯಲ್ಲಿ ಸಿನಿಮಾ ಹಾಕಿ ನೋಡಿ, ಒಂದು ಕೊರತೆಯೂ ಕಾಣುವುದಿಲ್ಲ.

ಟಿವಿ ಕೆಟ್ಟಿಲ್ಲ, ಕಂಪ್ಯೂಟರೂ ಕೆಟ್ಟಿಲ್ಲ. ಎರಡೂ ತಮ್ಮ ತಮ್ಮ ಪದ್ಧತಿಗೆ ನಿಷ್ಠವಾಗಿವೆ, ತೊಂದರೆ ಇರುವುದೇ ಅಲ್ಲಿ. ಕಂಪ್ಯೂಟರ್ ರೂಪಿಸಿದ ಚಿತ್ರವನ್ನು ಪರದೆಯ ಅಳತೆಗೆ ಹೊಂದಿಸುವ ಕೆಲಸ ಯಾರದು ಎಂಬುದರ ಬಗ್ಗೆ ಈ ಕ್ಷೇತ್ರದವರಲ್ಲಿ ಇಂದಿಗೂ ಒಮ್ಮತವಿಲ್ಲ. ಈ ಭಿನ್ನಾಭಿಪ್ರಾಯದ ಬೇರು ಬಹಳ ಹಿಂದಕ್ಕೆ ಹೋಗುತ್ತದೆ.

ಎರಡು ಕುಲದ ಚಿತ್ರಗಳು

ಟಿವಿಯ ಚೌಕಟ್ಟು ಸಿನಿಮಾದಿಂದ ಬಂದದ್ದು. ಎಡಿಸನ್ನರ ಪ್ರಯೋಗಾಲಯದಲ್ಲಿ ಡಿಕ್ಸನ್ 1890ರ ದಶಕದ ಮೊದಲಲ್ಲಿ 35 ಮಿ.ಮೀ. ಫಿಲಂ ಮೇಲೆ ನಾಲ್ಕು ರಂಧ್ರಗಳ ಎತ್ತರಕ್ಕೊಂದು ಚಿತ್ರವೆಂದು ಗೊತ್ತುಮಾಡಿದರು. ಅಗಲಕ್ಕೂ ಎತ್ತರಕ್ಕೂ 4:3ರ ಪ್ರಮಾಣ ಹುಟ್ಟಿದ್ದು ಹಾಗೆ. ಟಿವಿ ಅದನ್ನೇ ಪಡೆದುಕೊಂಡಿತು. ಮುಂದೆ ಟಿವಿ ಜನರನ್ನು ಮನೆಯಲ್ಲೇ ಹಿಡಿದಿಟ್ಟಾಗ ಸಿನಿಮಾದವರು ಅಗಲವನ್ನು ಅಸ್ತ್ರ ಮಾಡಿಕೊಂಡರು. 1953ರಲ್ಲಿ ‘ದಿ ರೋಬ್’ ಸಿನಿಮಾಸ್ಕೋಪಿನಲ್ಲಿ ಬಂತು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರವೆಂದು ಹೆಸರಾದ ‘ಸೊಸೆ ತಂದ ಸೌಭಾಗ್ಯ’ ತೆರೆಕಂಡದ್ದು 1977ರಲ್ಲಿ. ಅಂಥ ಚಿತ್ರಗಳು ಹಳೆಯ ಟಿವಿಗೆ ಬಂದರೆ ಅಕ್ಕಪಕ್ಕ ಕತ್ತರಿಸಬೇಕಾಗುತ್ತಿತ್ತು, ಇಲ್ಲವೇ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡಬೇಕಾಗುತ್ತಿತ್ತು.

ಹಳೆಯ ಗಾಜಿನ ಕೊಳವೆಯ ಟಿವಿಗೆ ಇನ್ನೊಂದು ಗುಣವಿತ್ತು. ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಗೆರೆ ಎಳೆದು ಚಿತ್ರ ಬಿಡಿಸುತ್ತಿದ್ದುದರಿಂದ ಕರೆಂಟಿನ ಏರಿಳಿತ, ಒಳಗಿನ ಭಾಗಗಳ ಸವೆತ, ಕಾವು ಎಲ್ಲವೂ ಚಿತ್ರದ ಗಾತ್ರವನ್ನು ಅಷ್ಟಿಷ್ಟು ಬದಲಿಸುತ್ತಿದ್ದವು. ಪರದೆಯ ಅಂಚಿನಲ್ಲಿ ಕಪ್ಪು ಜಾಗ ಇಣುಕದಿರಲೆಂದು ತಯಾರಕರು ಚಿತ್ರವನ್ನು ಗಾಜಿಗಿಂತ ಸ್ವಲ್ಪ ದೊಡ್ಡದಾಗಿಯೇ ಬಿಡಿಸುವ ಏರ್ಪಾಡು ಮಾಡಿದರು. ಇದೇ ಓವರ್‌ಸ್ಕ್ಯಾನ್. ಪ್ರಸಾರಕರು ಇದಕ್ಕೆ ತಕ್ಕ ಶಿಸ್ತು ರೂಢಿಸಿಕೊಂಡರು: ಮುಖ್ಯ ಚಲನೆ ಚಿತ್ರದ ಒಳಗಿನ ಶೇ. 90ರಷ್ಟು ಭಾಗದಲ್ಲಿರಬೇಕು, ಅಕ್ಷರಗಳು ಶೇ. 80ರೊಳಗೆ ಇರಬೇಕು. ಅಂಚು ಕಳೆದುಹೋದರೂ ನೋಡುಗನಿಗೆ ನಷ್ಟವಿರಲಿಲ್ಲ, ಏಕೆಂದರೆ ಅಲ್ಲಿ ಬೇಕಾದದ್ದನ್ನು ಯಾರೂ ಇಡುತ್ತಲೇ ಇರಲಿಲ್ಲ.

ಕಂಪ್ಯೂಟರಿನ ಪರದೆಯಾದರೋ ಪುಟದ ಕುಲದ್ದು. 1987ರಲ್ಲಿ ಐಬಿಎಂ ತಂದ ವಿಜಿಎ ಪದ್ಧತಿಯಲ್ಲಿ 640 ಅಡ್ಡ, 480 ಉದ್ದ ಚುಕ್ಕೆಗಳು. ಪ್ರತಿ ಚುಕ್ಕೆಗೂ ವಿಳಾಸವುಂಟು, ಮೂಲೆಯ ಚುಕ್ಕೆಗೂ ಕೆಲಸವುಂಟು. ಮೆನು ಮೇಲಂಚಿನಲ್ಲಿ, ಮುಚ್ಚುವ ಗುಂಡಿ ಬಲಮೂಲೆಯಲ್ಲಿ, ಟಾಸ್ಕ್‌ಬಾರ್ ತಳದಲ್ಲಿ ನೆಲೆಯಾದವು. ಟಿವಿಯವರು ಖಾಲಿ ಬಿಟ್ಟ ಜಾಗದಲ್ಲೇ ಕಂಪ್ಯೂಟರಿನವರು ಅತ್ಯಗತ್ಯವಾದದ್ದನ್ನು ಇಟ್ಟರು.

ಇದಕ್ಕೆ ಮುಂಚೆ ಎರಡು ಕುಲಗಳೂ ಹೊಂದಿಕೊಂಡಿದ್ದ ಕಾಲವೊಂದಿತ್ತು ಎಂಬುದನ್ನು ಮರೆಯಬಾರದು. 1982ರ ಝಡ್ಎಕ್ಸ್ ಸ್ಪೆಕ್ಟ್ರಂನಂಥ ಮನೆ ಕಂಪ್ಯೂಟರುಗಳು ಟಿವಿಗೇ ಜೋಡಣೆಯಾಗುತ್ತಿದ್ದವು. ಅದು 256×192 ಚುಕ್ಕೆಗಳ ಚಿತ್ರದ ಸುತ್ತ ಅಗಲವಾದ ಬಣ್ಣದ ಅಂಚು ಬಿಡುತ್ತಿತ್ತು. ಟಿವಿ ಎಷ್ಟು ನುಂಗಿದರೂ ಆ ಅಂಚನ್ನಷ್ಟೇ ನುಂಗುತ್ತಿತ್ತು. ಕಂಪ್ಯೂಟರ್ ತನ್ನದೇ ಮಾನಿಟರ್ ಪಡೆದು ಆ ಅಂಚನ್ನು ಕೈಬಿಟ್ಟ ಮೇಲೆ, ವರ್ಷಗಳ ನಂತರ ಟಿವಿಯ ಬಳಿಗೆ ಮರಳಿದಾಗ ಜಗಳ ಶುರುವಾಯಿತು.

16:9 ಎಂಬ ರಾಜಿ, 1366 ಎಂಬ ತಕರಾರು

ಅಗಲ ಟಿವಿಯ 16:9 ಯಾವ ಒಂದು ಮಾಧ್ಯಮದ ಸಹಜ ಅಳತೆಯೂ ಅಲ್ಲ. ಜಪಾನಿನ ಎನ್‌ಎಚ್‌ಕೆ ತನ್ನ ಹೈ-ಡೆಫಿನಿಷನ್ ಪ್ರಯೋಗಗಳಲ್ಲಿ ಮೊದಲು ನೆಚ್ಚಿದ್ದು 5:3 ಪ್ರಮಾಣವನ್ನು. ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ 1980ರ ದಶಕದಲ್ಲಿ ಬಳಕೆಯಲ್ಲಿದ್ದ ಪ್ರಮಾಣಗಳ ಆಯತಗಳನ್ನೆಲ್ಲ ಒಂದೇ ವಿಸ್ತೀರ್ಣಕ್ಕೆ ತಂದು, ನಡುಬಿಂದು ಕೂಡುವಂತೆ ಒಂದರ ಮೇಲೊಂದು ಇಟ್ಟು ನೋಡಿದರು. ಎಲ್ಲವನ್ನೂ ಸುತ್ತುವರಿಯುವ ಹೊರ ಆಯತಕ್ಕೂ ಎಲ್ಲಕ್ಕೂ ಸಮಾನವಾದ ಒಳ ಆಯತಕ್ಕೂ ಬಂದ ಪ್ರಮಾಣ ಸುಮಾರು 1.77. ಹಳೆಯ ಟಿವಿಯ 1.33ಕ್ಕೂ ಸಿನಿಮಾಸ್ಕೋಪಿನ 2.35ಕ್ಕೂ ಗುಣೋತ್ತರ ಸರಾಸರಿ ಅದೇ. ಯಾರಿಗೂ ಪೂರ್ತಿ ನಷ್ಟವಾಗದ ರಾಜಿ ಅದು. ಪುಟದ ಅಗತ್ಯ, ಓದಿನ ಅಗತ್ಯ ಈ ಲೆಕ್ಕದೊಳಗೆ ಬರಲಿಲ್ಲ.

1080 ಸಾಲುಗಳಿಗೆ ಈ ಪ್ರಮಾಣ ಹಾಕಿದರೆ ಅಗಲ ಕರಾರುವಾಕ್ಕಾಗಿ 1920. 720ಕ್ಕೆ ಹಾಕಿದರೆ 1280. ಎರಡೂ ಪೂರ್ಣ ಸಂಖ್ಯೆಗಳೇ. ಆದರೆ ಪರದೆ ತಯಾರಿಕೆಯಲ್ಲಿ ಕಂಪ್ಯೂಟರ್ ಮಾನಿಟರುಗಳ ಕಾಲದಿಂದ 1024×768 ಬೇರೂರಿತ್ತು. ಆ 768 ಸಾಲುಗಳನ್ನೇ ಉಳಿಸಿಕೊಂಡು ಅಗಲ ಪರದೆ ಮಾಡಿದರೆ ಅಗಲ 1365.33 ಬರುತ್ತದೆ. ಕಾಲು–ಮುಕ್ಕಾಲು ಚುಕ್ಕೆ ಮಾಡಲಾಗದು, ಹಾಗಾಗಿ 1366. 32 ಇಂಚಿನ ಟಿವಿಗಳು ಕೋಟ್ಯಂತರ ಮನೆಗಳಿಗೆ ಹೋದದ್ದು ಈ ಸಂಖ್ಯೆಯನ್ನು ಹೊತ್ತು. ಇಂದಿಗೂ ಅಗ್ಗದ ಸಣ್ಣ ಟಿವಿಗಳಲ್ಲಿ ಅದೇ ಇದೆ.

ಈ 1366 ಎರಡೂ ಕಡೆಯವರಿಗೆ ಪರಕೀಯ. ಪ್ರಸಾರದ ಅಧಿಕೃತ ಚಿತ್ರರೂಪಗಳಲ್ಲಿ ಅದಿಲ್ಲ. ಟಿವಿಯ ಎಚ್‌ಡಿಎಂಐ ಕಿಂಡಿ 1280×720 ಅಥವಾ 1920×1080 ಚಿತ್ರವನ್ನು ಸ್ವೀಕರಿಸಿ ತನ್ನ 1366×768 ಚುಕ್ಕೆಗಳಿಗೆ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಕಂಪ್ಯೂಟರಿನ ಕಡೆಯಲ್ಲೂ ತೊಡಕು. ಚಿತ್ರದ ಅಗಲ ಎಂಟರಿಂದ ಭಾಗವಾಗಬೇಕೆಂಬುದು ಅಲ್ಲಿನ ಹಳೆಯ ಲೆಕ್ಕಾಚಾರದ ಸೂತ್ರಗಳ ಕಟ್ಟು, 1366 ಎಂಟರಿಂದ ಭಾಗವಾಗುವುದಿಲ್ಲ. ಹಳೆಯ ಗ್ರಾಫಿಕ್ಸ್ ಡ್ರೈವರುಗಳು 1360×768 ಎಂದು ತೋರಿಸುತ್ತಿದ್ದುದು ಇದರಿಂದ. ವಿಜಿಎ ಕೇಬಲ್ಲಿನಲ್ಲಿ 1360 ಕಳಿಸಿದರೆ ಎಡಬಲಕ್ಕೆ ಮೂರು ಮೂರು ಚುಕ್ಕೆ ಖಾಲಿ ಉಳಿದು ಅಕ್ಷರ ಸ್ಫುಟವಾಗಿ ಬರುತ್ತಿತ್ತು. ಹೊಸ ಡಿಜಿಟಲ್ ಕೇಬಲ್ಲಿಗಿಂತ ಹಳೆಯ ಅನಲಾಗ್ ಕೇಬಲ್ಲೇ ಚೆನ್ನಾಗಿದೆಯೆಂದು ಬಳಕೆದಾರರು ಆಗ ಹೇಳುತ್ತಿದ್ದ ಮಾತಿಗೆ ಇದು ವಿವರಣೆ. ಅವರ ಕಣ್ಣು ಸರಿಯಾಗಿಯೇ ಇತ್ತು.

2005ರಲ್ಲಿ ಯುರೋಪಿನ ತಯಾರಕರ ಸಂಘ ‘ಎಚ್‌ಡಿ ರೆಡಿ’ ಗುರುತನ್ನು ತಂದಾಗ ಕೇಳಿದ್ದು ಕನಿಷ್ಠ 720 ಸಾಲುಗಳ ಅಗಲ ಪರದೆಯನ್ನು, ಜೊತೆಗೆ 720 ಹಾಗೂ 1080 ಸಾಲುಗಳ ಸಂಕೇತ ಸ್ವೀಕರಿಸುವ ಶಕ್ತಿಯನ್ನು. ಸ್ವೀಕರಿಸಿದ್ದನ್ನು ಹಾಗೆಯೇ ತೋರಿಸಬೇಕೆಂದು ಅದು ಕೇಳಲಿಲ್ಲ. ಅಂಗಡಿಯಲ್ಲಿ ಗುರುತು ನೋಡಿ ಕೊಂಡವರಿಗೆ ಈ ವ್ಯತ್ಯಾಸ ತಿಳಿಯುವ ದಾರಿಯೇ ಇರಲಿಲ್ಲ.

ಹೊಂದಿಸುವುದು ಟಿವಿಯ ಕೆಲಸ ಎನ್ನುವವರು

ಮೊದಲ ಪಂಥ ಪ್ರಸಾರದ ಲೋಕದ್ದು. ಕಂಪ್ಯೂಟರ್ ಟಿವಿಗೆ ಅತಿಥಿ, ಟಿವಿಗೆ ತಿಳಿಯುವ 720 ಅಥವಾ 1080ರ ಪ್ರಮಾಣಿತ ರೂಪವನ್ನಷ್ಟೇ ಅದು ಕಳಿಸಲಿ, ಉಳಿದದ್ದನ್ನು ಟಿವಿ ನೋಡಿಕೊಳ್ಳುತ್ತದೆ ಎಂಬುದು ಇವರ ನಿಲುವು. ಸೆಟ್‌ಟಾಪ್ ಬಾಕ್ಸ್, ಡಿವಿಡಿ ಪ್ಲೇಯರ್, ಆಟದ ಕನ್ಸೋಲ್ ಎಲ್ಲವೂ ಯಾವ ಕಂಪನಿಯ ಟಿವಿಗೆ ಸಿಕ್ಕಿಸಿದರೂ ಕೆಲಸ ಮಾಡುವುದು ಈ ನಿಲುವಿನ ದೊಡ್ಡ ಸಾಧನೆ. ಚಲಿಸುವ ಚಿತ್ರಕ್ಕೆ ಟಿವಿಯೊಳಗಿನ ಹಿಗ್ಗಿಸುವ ಚಿಪ್ ಚೆನ್ನಾಗಿಯೇ ದುಡಿಯುತ್ತದೆ.

ಆದರೆ ಗಾಜಿನ ಕೊಳವೆ ಹೋದರೂ ಓವರ್‌ಸ್ಕ್ಯಾನ್ ಹೋಗಲಿಲ್ಲ. ಚಪ್ಪಟೆ ಪರದೆಯಲ್ಲಿ ಪ್ರತಿ ಚುಕ್ಕೆಗೂ ನಿಶ್ಚಿತ ಸ್ಥಾನವಿದೆ, ಅಂಚು ಅಲುಗಾಡುವ ಪ್ರಶ್ನೆಯೇ ಇಲ್ಲ. ಆದರೂ ಬಹಳಷ್ಟು ಟಿವಿಗಳು 1920×1080 ಚಿತ್ರ ಬಂದರೆ ಪ್ರತಿ ಅಂಚಿನಲ್ಲೂ ಎರಡು–ಮೂರು ಪ್ರತಿಶತ ಕತ್ತರಿಸಿ, ಉಳಿದದ್ದನ್ನು ಹಿಗ್ಗಿಸಿ ತೋರಿಸುವ ಅಭ್ಯಾಸ ಮುಂದುವರಿಸಿದವು. ಎರಡೂವರೆ ಪ್ರತಿಶತ ಎಂದಿಟ್ಟುಕೊಂಡರೆ ಎಡಬಲಕ್ಕೆ 48, ಮೇಲೆ ಕೆಳಗೆ 27 ಚುಕ್ಕೆ ಹೋದವು. ವಿಂಡೋಸ್ 10ರ ಟಾಸ್ಕ್‌ಬಾರ್‌ನ ಎತ್ತರವೇ 40 ಚುಕ್ಕೆ. ಮೂರರಲ್ಲಿ ಎರಡು ಪಾಲು ಕಾಣೆಯಾಗುತ್ತದೆ. ಉಳಿದ 1824×1026 ಚುಕ್ಕೆಗಳನ್ನು 1920×1080ಕ್ಕೆ ಹಿಗ್ಗಿಸುವಾಗ ಒಂದು ಚುಕ್ಕೆಯ ಗೆರೆ ಒಂದು ಚುಕ್ಕೆ ಮತ್ತು ಅಷ್ಟಿಷ್ಟಾಗಿ ಹರಡುತ್ತದೆ. ಅಕ್ಷರ ಕದಡುವುದು ಆಗಲೇ. ಕಾರಣ ಸತ್ತ ಮೇಲೂ ಬದುಕಿರುವ ರೂಢಿಯನ್ನು ಸಮರ್ಥಿಸಲು ನನಗೆ ಒಂದೂ ಒಳ್ಳೆಯ ವಾದ ಸಿಗುವುದಿಲ್ಲ.

ಚುಕ್ಕೆಗೆ ಚುಕ್ಕೆ

ಎರಡನೆಯ ಪಂಥಕ್ಕೆ ಒಂದೇ ಸೂತ್ರ: ಪರದೆಯಲ್ಲಿ ಎಷ್ಟು ಚುಕ್ಕೆಯಿದೆಯೋ ಅಷ್ಟೇ ಚುಕ್ಕೆಯ ಚಿತ್ರವನ್ನು ಕಂಪ್ಯೂಟರ್ ಕಳಿಸಬೇಕು, ಟಿವಿ ಅದನ್ನು ಮುಟ್ಟಬಾರದು. ಫುಲ್ ಎಚ್‌ಡಿ ಮತ್ತು 4ಕೆ ಟಿವಿಗಳಲ್ಲಿ ಇದು ಸಾಧ್ಯ, ಏಕೆಂದರೆ ಅಲ್ಲಿ ಪರದೆಯ ಅಳತೆಯೂ ಪ್ರಸಾರದ ಅಳತೆಯೂ ಒಂದೇ. ಆದರೆ ಟಿವಿ ಚಿತ್ರವನ್ನು ಮುಟ್ಟದಂತೆ ಮಾಡುವ ಸ್ವಿಚ್ಚನ್ನು ಹುಡುಕುವುದು ಬಳಕೆದಾರರ ಪಾಲಿಗೆ ಬಿಟ್ಟಿದೆ. ಎಲ್‌ಜಿಯವರು ಅದನ್ನು ‘ಜಸ್ಟ್ ಸ್ಕ್ಯಾನ್’ ಎಂದರು, ಸ್ಯಾಮ್‌ಸಂಗ್‌ನವರು ‘ಸ್ಕ್ರೀನ್ ಫಿಟ್’, ಶಾರ್ಪ್‌ನವರು ‘ಡಾಟ್ ಬೈ ಡಾಟ್’, ಸೋನಿಯವರು ‘ಫುಲ್ ಪಿಕ್ಸೆಲ್’. ಮೆನುವಿನೊಳಗೆ ಅದು ಸಾಮಾನ್ಯವಾಗಿ ಚಿತ್ರದ ಗಾತ್ರ ಅಥವಾ ಆಸ್ಪೆಕ್ಟ್ ರೇಶಿಯೋ ಎಂಬಲ್ಲಿ ಅಡಗಿರುತ್ತದೆ.

ಇದೇ ಸಮಸ್ಯೆಗೆ ಕಂಪ್ಯೂಟರಿನ ಕಡೆಯಿಂದ ಹುಟ್ಟಿದ ಪರಿಹಾರ ಇನ್ನಷ್ಟು ಗೊಂದಲ ತಂದಿತು. ಟಿವಿ ಅಂಚು ಕತ್ತರಿಸುವುದು ಖಂಡಿತವೆಂದು ಊಹಿಸಿ ಎಎಂಡಿ ಗ್ರಾಫಿಕ್ಸ್ ಡ್ರೈವರುಗಳು ಎಚ್‌ಡಿಎಂಐ ಮೂಲಕ ಹೋಗುವ ಚಿತ್ರವನ್ನು ಮೊದಲೇ ಕುಗ್ಗಿಸಿ ಕಳಿಸುತ್ತಿದ್ದವು. ಟಿವಿ ಕತ್ತರಿಸದಿದ್ದರೆ ನಾಲ್ಕೂ ಕಡೆ ಕಪ್ಪು ಪಟ್ಟಿ ಉಳಿಯಿತು. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲೂ ಇಂಥದೇ ಕಪ್ಪು ಅಂಚು, ಅದನ್ನು ತೆಗೆಯಲು ಕಾನ್ಫಿಗರೇಶನ್ ಕಡತದಲ್ಲಿ ಒಂದು ಸಾಲು ತಿದ್ದಬೇಕಿತ್ತು. ಕಂಪ್ಯೂಟರ್ ಕುಗ್ಗಿಸಿ, ಟಿವಿ ಹಿಗ್ಗಿಸಿ ಅಂಚುಗಳೇನೋ ಸರಿಹೊಂದಿದರೆ ಅಲ್ಲಿಗೆ ಬಿಟ್ಟವರು ಬಹಳ. ಎರಡು ಸಲ ಅಳತೆ ಬದಲಾದ ಚಿತ್ರದಲ್ಲಿ ಅಕ್ಷರದ ಸ್ಪಷ್ಟತೆ ಹಾಳಾಗಿರುತ್ತದೆ. ಮೊದಲು ಟಿವಿಯ ಕತ್ತರಿಯನ್ನು ನಿಲ್ಲಿಸಿ, ಆಮೇಲೆ ಕಂಪ್ಯೂಟರಿನ ಕುಗ್ಗಿಸುವಿಕೆಯನ್ನು ಸೊನ್ನೆಗೆ ತರುವುದು ಸರಿಯಾದ ಕ್ರಮ.

ಈ ಪಂಥದ ವಾದವೇ ನನಗೆ ಹೆಚ್ಚು ಒಪ್ಪಿಗೆ. ಆದರೂ ಅದರಲ್ಲಿ ಒಂದು ಕಂದಕವಿದೆ. ಕೆಲವು 42 ಇಂಚಿನ ಪ್ಲಾಸ್ಮಾ ಟಿವಿಗಳಲ್ಲಿ 16:9 ಅಗಲಕ್ಕೆ 1024×768 ಚುಕ್ಕೆಗಳನ್ನು ಹರಡಲಾಗಿತ್ತು, ಅಂದರೆ ಒಂದೊಂದು ಚುಕ್ಕೆಯೂ ಅಡ್ಡಕ್ಕೆ ಉದ್ದವಾದ ಆಯತ. ಅಲ್ಲಿ ಚುಕ್ಕೆಗೆ ಚುಕ್ಕೆ ಕೂರಿಸಿದರೆ ವೃತ್ತ ಮೊಟ್ಟೆಯಾಗುತ್ತದೆ, ಎಲ್ಲದರ ಅಗಲವೂ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಹಳೆಯ 4:3 ಚಿತ್ರವನ್ನು ಅಗಲ ಪರದೆಯ ತುಂಬ ಎಳೆದಾಗ ಮುಖ ಊದುವುದೂ ಇದೇ ಲೆಕ್ಕದಲ್ಲಿ.

ಯಂತ್ರಗಳೇ ಮಾತಾಡಿಕೊಳ್ಳಲಿ

ಮೂರನೆಯ ಪಂಥದ ಪ್ರಕಾರ ಯಾರ ಪದ್ಧತಿ ಮೇಲು ಎಂಬ ಚರ್ಚೆಯೇ ಅನಗತ್ಯ. ಪರದೆ ತನ್ನ ವಿವರ ಹೇಳಲಿ, ಕಂಪ್ಯೂಟರ್ ಕೇಳಿಕೊಂಡು ನಡೆಯಲಿ. ಪರದೆಗಳ ಮಾನದಂಡ ರೂಪಿಸುವ ವೆಸಾ (VESA) ಸಂಸ್ಥೆ 1994ರಲ್ಲಿ ತಂದ ಇಡಿಐಡಿ ಇದಕ್ಕೆಂದೇ ಇರುವುದು. ಪರದೆಯೊಳಗಿನ ಪುಟ್ಟ ಮೆಮೊರಿಯಲ್ಲಿ 128 ಬೈಟುಗಳ ಒಂದು ವಿವರಪಟ್ಟಿ ಇರುತ್ತದೆ. ಕೇಬಲ್ ಸಿಕ್ಕಿಸಿದ ಕ್ಷಣ ಕಂಪ್ಯೂಟರ್ ಅದನ್ನು ಓದುತ್ತದೆ. ಟಿವಿಗಳಲ್ಲಿ ಇದಕ್ಕೆ ಇನ್ನೊಂದು ಕಂತು ಸೇರಿ, ಪ್ರಸಾರದ ರೂಪಗಳಿಗೆಲ್ಲ ಸಂಕೇತಸಂಖ್ಯೆ ಬಂತು. 4 ಎಂದರೆ 60 ಹರ್ಟ್ಸಿನ 720 ಸಾಲು, 16 ಎಂದರೆ 60 ಹರ್ಟ್ಸಿನ 1080 ಸಾಲು. 1366×768ಕ್ಕೆ ಅಲ್ಲಿ ಸಂಖ್ಯೆಯೇ ಇಲ್ಲ.

ವ್ಯವಸ್ಥೆ ಸುಂದರ, ಹೇಳುವವರು ನಿಜ ಹೇಳಿದರೆ. ಪಟ್ಟಿಯಲ್ಲಿ ತನ್ನ ನಿಜವಾದ ಚುಕ್ಕೆಗಳನ್ನು ನಮೂದಿಸದೆ ತಾನು ಸ್ವೀಕರಿಸಬಲ್ಲ ದೊಡ್ಡ ರೂಪವನ್ನೇ ಮೊದಲ ಆಯ್ಕೆಯಾಗಿ ತೋರಿಸುವ ಟಿವಿಗಳಿವೆ. ನಡುವೆ ಅಗ್ಗದ ಸ್ವಿಚ್, ಸ್ಪ್ಲಿಟರ್ ಅಥವಾ ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವ ಡಬ್ಬಿ ಬಂದರೆ ಅದು ತನ್ನದೇ ಪಟ್ಟಿಯನ್ನು ಒಪ್ಪಿಸುವುದುಂಟು. ಕಾಲೇಜಿನ ಸಭಾಂಗಣಗಳಲ್ಲಿ ಭಾಷಣಕಾರರ ಸ್ಲೈಡು ಹಠಾತ್ತನೆ 1024×768ಕ್ಕೆ ಬಿದ್ದು ಮುದುಡುವುದರ ಹಿಂದೆ ಎಷ್ಟೋ ಸಲ ಇಂಥ ಡಬ್ಬಿಯೇ ಇರುತ್ತದೆ.

ಒತ್ತಕ್ಷರದ ಪಾಡು

ಅಳತೆ ಸರಿಹೋದ ಮೇಲೂ ಅಕ್ಷರ ಮಂಕಾಗಿದ್ದರೆ ತಪ್ಪು ಬಣ್ಣದ ಲೆಕ್ಕದಲ್ಲಿದೆ. ಕಣ್ಣು ಬೆಳಕಿನ ಸೂಕ್ಷ್ಮವನ್ನು ಗುರುತಿಸುವಷ್ಟು ಬಣ್ಣದ ಸೂಕ್ಷ್ಮವನ್ನು ಗುರುತಿಸದು. ಈ ಅರಿವಿನ ಮೇಲೆ ಟಿವಿ ಲೋಕ ನಾಲ್ಕು ಚುಕ್ಕೆಗಳ ಗುಂಪಿಗೆ ಒಂದೇ ಬಣ್ಣದ ಮಾಹಿತಿ ಕಳಿಸುವ 4:2:0 ಪದ್ಧತಿಯನ್ನು ಕಟ್ಟಿಕೊಂಡಿತು. ಸಿನಿಮಾಕ್ಕೆ ಇದು ಧಾರಾಳ ಸಾಕು. ನೀಲಿ ಹಿನ್ನೆಲೆಯ ಮೇಲಿನ ಕೆಂಪು ಅಕ್ಷರಕ್ಕೆ ಸಾಲದು. ವಿಂಡೋಸಿನ ಕ್ಲಿಯರ್‌ಟೈಪ್ ಅಂತೂ ಒಂದೊಂದು ಚುಕ್ಕೆಯ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬಿಡಿಬಿಡಿಯಾಗಿ ಬಳಸಿ ಅಕ್ಷರದ ಅಂಚು ನಯಗೊಳಿಸುತ್ತದೆ. ಟಿವಿ ಬಣ್ಣವನ್ನು ಕಲಸಿದರೆ, ಅಥವಾ ಆ ಪಟ್ಟಿಗಳ ಕ್ರಮವೇ ಬೇರೆಯಿದ್ದರೆ, ನಯಗೊಳಿಸಬೇಕಾದದ್ದೇ ಬಣ್ಣದ ಜೂಲಾಗಿ ಕಾಣುತ್ತದೆ.

ರೋಮನ್ ಲಿಪಿಗಿಂತ ಕನ್ನಡಕ್ಕೆ ಇದರ ಪೆಟ್ಟು ಹೆಚ್ಚು. ದ–ಧ, ಬ–ಭ ಜೋಡಿಗಳನ್ನು ಬೇರ್ಪಡಿಸುವುದು ತಳದ ಒಂದು ಸಣ್ಣ ಸೀಳು. ಥಕ್ಕೆ ಹೊಟ್ಟೆಯೊಳಗಿನ ಬೊಟ್ಟು. ‘ರಾಷ್ಟ್ರ’, ‘ಸ್ತ್ರೀ’ ಇಂಥ ಕಡೆ ಮೂರು ವ್ಯಂಜನಗಳ ಗುರುತು ಒಂದೇ ನೆಲೆಯಲ್ಲಿ ಒತ್ತೊತ್ತಾಗಿ ಕೂರುತ್ತವೆ, ಒತ್ತಿಗೆ ಸಿಗುವುದು ಐದಾರು ಚುಕ್ಕೆಯ ಎತ್ತರ. ಅಲ್ಲಿ ಒಂದು ಚುಕ್ಕೆ ಒಂದೂಕಾಲು ಚುಕ್ಕೆಯಾಗಿ ಹರಡಿದರೆ ಸೀಳು ಮುಚ್ಚಿಹೋಗುತ್ತದೆ. ಇಂಗ್ಲಿಷ್ ಓದುವವರು ‘ಸ್ವಲ್ಪ ಮಂಕು’ ಎಂದು ಬಿಟ್ಟುಬಿಡುವ ಪರದೆಯಲ್ಲಿ ಕನ್ನಡ ಓದುವ ಮಗು ಅಕ್ಷರವನ್ನು ಊಹಿಸಬೇಕಾಗುತ್ತದೆ. ತರಗತಿಗೆ ದೊಡ್ಡ ಟಿವಿ ತರುವಾಗ ಇಂಚುಗಳನ್ನು ಮಾತ್ರ ಲೆಕ್ಕ ಹಾಕುವವರು ಇದನ್ನು ದಯವಿಟ್ಟು ಗಮನಿಸಬೇಕು.

ಪರಿಹಾರ ಸುಲಭವೇ. ಬಹಳ ಟಿವಿಗಳಲ್ಲಿ ಕಿಂಡಿಯ ಹೆಸರನ್ನು ‘ಪಿಸಿ’ ಎಂದು ಬದಲಿಸಿದರೆ ಬಣ್ಣ ಪೂರ್ತಿಯಾಗಿ ಬರುತ್ತದೆ, ಚಿತ್ರವನ್ನು ‘ಚಂದಗೊಳಿಸುವ’ ಸಂಸ್ಕರಣೆಯೂ ನಿಲ್ಲುತ್ತದೆ. ಕಪ್ಪು ಬೂದಿಯಂತಿದ್ದರೆ, ಇಲ್ಲವೇ ನೆರಳಿನ ವಿವರವೆಲ್ಲ ಕಪ್ಪಿನಲ್ಲಿ ಮುಳುಗಿದ್ದರೆ, ಬೆಳಕಿನ ಅಳತೆಗೆ ಕಂಪ್ಯೂಟರ್ 0ಯಿಂದ 255, ಟಿವಿ 16ರಿಂದ 235 ಎಂದು ಬೇರೆ ಬೇರೆ ಎಣಿಸುತ್ತಿವೆ ಎಂದರ್ಥ. ಎರಡನ್ನೂ ಒಂದೇ ಎಣಿಕೆಗೆ ತರಬೇಕು. 4ಕೆ ಟಿವಿಯಲ್ಲಿ ಮೌಸ್ ಬಾಣ ತಡವರಿಸುತ್ತಿದ್ದರೆ ಕೇಬಲ್ ಅಥವಾ ಕಿಂಡಿ ಹಳೆಯದು. 2009ರ ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ, 60ಕ್ಕೆ ಏರಿದ್ದು 2013ರ 2.0 ಆವೃತ್ತಿಯಲ್ಲಿ.

ಹತ್ತು ಅಡಿ ದೂರದಿಂದ

ಚುಕ್ಕೆಗಳ ಎಣಿಕೆಯೇ ತಪ್ಪು ಅಳತೆಗೋಲು ಎನ್ನುವ ಪಂಥವೂ ಇದೆ. ಅವರ ಪ್ರಕಾರ ಮುಖ್ಯವಾದದ್ದು ಕಣ್ಣಿಗೂ ಪರದೆಗೂ ನಡುವಿನ ದೂರ. ಲೆಕ್ಕ ಹಾಕಿ ನೋಡೋಣ. 14 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲಿ 12 ಚುಕ್ಕೆ ಎತ್ತರದ ಅಕ್ಷರ ಸುಮಾರು 1.9 ಮಿ.ಮೀ. ಅರ್ಧ ಮೀಟರ್ ದೂರದಿಂದ ಅದು ಕಣ್ಣಿನಲ್ಲಿ 13 ಕಲೆಗಳ (ಡಿಗ್ರಿಯ ಅರವತ್ತನೆಯ ಒಂದು ಪಾಲು ಒಂದು ಕಲೆ) ಕೋನ ಮಾಡುತ್ತದೆ. ಅದೇ ಅಕ್ಷರ 43 ಇಂಚಿನ ಫುಲ್ ಎಚ್‌ಡಿ ಟಿವಿಯಲ್ಲಿ 6 ಮಿ.ಮೀ. ಆದರೂ, ಮೂರು ಮೀಟರ್ ದೂರದ ಸೋಫಾದಿಂದ ಕೋನ ಏಳಕ್ಕಿಂತ ಕಡಿಮೆ. ಪರದೆ ಮೂರು ಪಟ್ಟು ದೊಡ್ಡದಾಯಿತು, ಅಕ್ಷರ ಅರ್ಧಕ್ಕಿಳಿಯಿತು.

ಆದ್ದರಿಂದ ಸ್ಕೇಲಿಂಗನ್ನು ಶೇ. 200ಕ್ಕೆ ಏರಿಸಬೇಕು. ಏರಿಸಿದರೆ ಕೆಲಸದ ಜಾಗ 960×540ಕ್ಕೆ ಇಳಿಯುತ್ತದೆ, ಎಷ್ಟೋ ತಂತ್ರಾಂಶಗಳ ಕಿಟಕಿಗಳು ಅದರೊಳಗೆ ಹಿಡಿಸುವುದಿಲ್ಲ. ರೆಸಲ್ಯೂಶನ್ನನ್ನೇ ಇಳಿಸಿ ಅಕ್ಷರ ದೊಡ್ಡದು ಮಾಡಿಕೊಳ್ಳುವವರು ಗಾತ್ರ ಪಡೆದು ಸ್ಪಷ್ಟತೆ ಕಳೆದುಕೊಳ್ಳುತ್ತಾರೆ. 2002ರ ವಿಂಡೋಸ್ ಎಕ್ಸ್‌ಪಿ ಮೀಡಿಯಾ ಸೆಂಟರ್ ಆವೃತ್ತಿ, ಆ ಬಳಿಕ ಎಕ್ಸ್‌ಬಿಎಂಸಿ ಎಂದು ಹುಟ್ಟಿ ಈಗ ಕೋಡಿ ಎನಿಸಿಕೊಂಡಿರುವ ತಂತ್ರಾಂಶ ಹತ್ತು ಅಡಿ ದೂರಕ್ಕೆಂದೇ ಬೇರೆ ಮುಖ ರೂಪಿಸಿದವು. ಸಿನಿಮಾ, ಹಾಡು ನೋಡಲು ಅವು ಹೇಳಿಮಾಡಿಸಿದಂಥವು. ಪತ್ರ ಬರೆಯಲು, ಲೆಕ್ಕದ ಹಾಳೆ ತೆರೆಯಲು ಮತ್ತೆ ಡೆಸ್ಕ್‌ಟಾಪಿಗೇ ಬರಬೇಕು.

ಕೇಬಲ್ಲೇ ಬೇಡವೆನ್ನುವವರದು ಕೊನೆಯ ಗುಂಪು. 2012ರ ಮಿರಾಕಾಸ್ಟ್, 2013ರ ಕ್ರೋಮ್‌ಕಾಸ್ಟ್ ಬಂದ ಮೇಲೆ ವಿಡಿಯೋ ಮಟ್ಟಿಗೆ ಅವರ ಮಾತು ಗೆದ್ದಿದೆ. ಆದರೆ ಇಡೀ ಡೆಸ್ಕ್‌ಟಾಪನ್ನು ನಿಸ್ತಂತುವಾಗಿ ಕಳಿಸುವಾಗ ಚಿತ್ರ ಸಂಕೋಚನಕ್ಕೆ ಸಿಕ್ಕಿ ಸಣ್ಣ ಅಕ್ಷರ ಮೊದಲು ನಲುಗುತ್ತದೆ, ಮೌಸ್ ಬಾಣ ಕೈಗಿಂತ ಹಿಂದೆ ಬೀಳುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಪ್ರಮಾಣದ ಪ್ರಶ್ನೆ ಮತ್ತೆ ತೆರೆದುಕೊಂಡಿದೆ. ಟಿವಿಯೊಡನೆ ಒಂದೇ ಕಾರ್ಖಾನೆಯ ಹಾದಿ ಹಿಡಿದು 2010ರ ಹೊತ್ತಿಗೆ 16:9ಕ್ಕೆ ಬಂದಿದ್ದ ಲ್ಯಾಪ್‌ಟಾಪುಗಳು ಈಗ 16:10, 3:2ರತ್ತ ಮರಳುತ್ತಿವೆ, ಏಕೆಂದರೆ ಓದುವವರಿಗೆ ಎತ್ತರ ಬೇಕು. 16:10ರ ಪರದೆಯನ್ನು ಫುಲ್ ಎಚ್‌ಡಿ ಟಿವಿಯ ಮೇಲೆ ಹಾಗೆಯೇ ಪ್ರತಿಬಿಂಬಿಸಿದರೆ ಎಡಬಲಕ್ಕೆ 96 ಚುಕ್ಕೆಗಳ ಕಪ್ಪು ಪಟ್ಟಿ ಉಳಿಯುತ್ತದೆ. ಟಿವಿಯ ಅಳತೆಗೆ ತಂದರೆ ಲ್ಯಾಪ್‌ಟಾಪಿನ ಮೇಲೆ ಕೆಳಗೆ ಪಟ್ಟಿ ಬರುತ್ತದೆ. ಎರಡು ಪರದೆಗಳಲ್ಲಿ ಒಂದೇ ಚಿತ್ರ ಬೇಕೆಂದಾಗ ಯಾವ ಪರದೆ ಬಿಟ್ಟುಕೊಡಬೇಕೆಂಬುದಕ್ಕೆ ಸರ್ವಸಮ್ಮತ ನಿಯಮವಿಲ್ಲ. 2009ರಲ್ಲಿ ಫಿಲಿಪ್ಸ್ 21:9 ಟಿವಿ ತಂದು ನೋಡಿತು, ಅದು ಬೇರೂರಲಿಲ್ಲ.

ದೂರವನ್ನು ಯಂತ್ರಕ್ಕೆ ತಿಳಿಸುವುದು ಹೇಗೆ ಎಂಬುದೂ ಉಳಿದಿದೆ. ಪರದೆ ತನ್ನ ಅಗಲವನ್ನು ಸೆಂಟಿಮೀಟರಿನಲ್ಲಿ ಹೇಳಬಲ್ಲದು. ನೋಡುವವರು ಎಲ್ಲಿ ಕೂತಿದ್ದಾರೆಂದು ಅದಕ್ಕೆ ಗೊತ್ತಿಲ್ಲ, ಹೀಗಾಗಿ ಅಕ್ಷರದ ಗಾತ್ರವನ್ನು ಕಂಪ್ಯೂಟರ್ ಊಹಿಸಿಯೇ ಇಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಪೂರ್ವನಿಶ್ಚಿತ ಸೆಟ್ಟಿಂಗಿನ ಪ್ರಶ್ನೆ. ಬರುತ್ತಿರುವುದು ಕಂಪ್ಯೂಟರಿನ ಚಿತ್ರ, ಸಿನಿಮಾ ಅಲ್ಲ ಎಂದು ಟಿವಿಗೆ ತಿಳಿಸುವ ಸಂಕೇತ ಎಚ್‌ಡಿಎಂಐಯಲ್ಲಿ ಈಗಾಗಲೇ ಇದೆ. 1.4 ಆವೃತ್ತಿಯಿಂದ ಗ್ರಾಫಿಕ್ಸ್, ಫೋಟೋ, ಸಿನಿಮಾ, ಆಟ ಎಂದು ವಿಂಗಡಿಸಿ ಹೇಳಲೂ ಬಹುದು. ಕಂಪ್ಯೂಟರುಗಳು ಅದನ್ನು ತಪ್ಪದೆ ಕಳಿಸಬೇಕು, ಟಿವಿಗಳು ಅದನ್ನು ಕಂಡ ಕೂಡಲೇ ಕತ್ತರಿ ನಿಲ್ಲಿಸಿ ಬಣ್ಣವನ್ನು ಪೂರ್ತಿ ತೋರಿಸಬೇಕು ಎಂಬ ಕಡ್ಡಾಯ ಮಾತ್ರ ಆಗಿಲ್ಲ. ಟಿವಿ ತಯಾರಕರು ಅಂಗಡಿಯಲ್ಲಿ ಕಣ್ಸೆಳೆಯುವ ಸಂಸ್ಕರಿಸಿದ ಚಿತ್ರವನ್ನೇ ಮೊದಲ ಆಯ್ಕೆಯಾಗಿ ಇಡುತ್ತಾರೆ. ಗ್ರಾಫಿಕ್ಸ್ ಡ್ರೈವರ್ ಬರೆಯುವವರು ಆ ಟಿವಿಯನ್ನು ನಂಬದೆ ತಮ್ಮ ಊಹೆಯನ್ನು ಮುಂದುವರಿಸುತ್ತಾರೆ. ಈ ಅಪನಂಬಿಕೆಯನ್ನು ಮಾನದಂಡ ರೂಪಿಸುವ ಸಂಸ್ಥೆಗಳು ಮುರಿಯಬೇಕೋ, ಕೊಳ್ಳುವವರ ಒತ್ತಾಯ ಮುರಿಯಬೇಕೋ ಎಂಬುದು ತೀರ್ಮಾನವಾಗಬೇಕಿದೆ.